ನಿದ್ದೆ ಚೆನ್ನಾಗಿ ಬರುತ್ತಿದೆಯೇ?

ನಮ್ಮ ಮೆಥೋಡಿಸ್ಟ್ ಚರ್ಚಿನ ಸಭಾಪಾಲಕರಾಗಿದ್ದ ಅಯ್ಯನವರ ಸ್ಮರಣಾರಾಧನೆಯಲ್ಲಿ ಅವರ ಜೀವನಚರಿತ್ರೆಯನ್ನು ಬರೆದು ಓದುವ ಕೆಲಸ ನನ್ನ ಪಾಲಿಗೆ ಬಂದದ್ದು ನಾನು ಅವರಿಗೆ ಹತ್ತಿರದವನಾಗಿದ್ದೆ ಎಂಬ ಕಾರಣಕ್ಕಲ್ಲ. ನನ್ನ ಅಕ್ಷರ ದುಂಡಗಿದೆ, ಉಚ್ಚಾರ ಸ್ಪಷ್ಟವಾಗಿದೆ ಎಂದು ಸಭೆಯ ಹಿರಿಯರು ಹಿಂದಿನಿಂದಲೂ ನಂಬಿಕೊಂಡು ಬಂದಿದ್ದರಿಂದ. ಹುಟ್ಟು, ಸೆಮಿನರಿ, ಪಾಲಕರಾಗುವ ಎರಡು ಹಂತಗಳಾದ ಡೀಕನ್ ದೀಕ್ಷೆ, ಎಲ್ಡರ್ ದೀಕ್ಷೆ, ಸೇವೆ ಮಾಡಿದ ಸಭೆಗಳು, ನಿವೃತ್ತಿ, ನಿಧನ ಇಷ್ಟೂ ಕ್ರಮವಾಗಿ ಬಂದು ಹತ್ತು ನಿಮಿಷದೊಳಗೆ ಮುಗಿಯಬೇಕು ಎಂದು ಹೇಳಿದ್ದರು. ವಿವರಗಳನ್ನು ಕೇಳಿ ಬರೆದುಕೊಳ್ಳಲು ಆರಾಧನೆಯ ಹಿಂದಿನ ದಿನ ಬೆಳಿಗ್ಗೆ ಅವರ ಪತ್ನಿ ಅಮ್ಮನವರ ಮನೆಗೆ ಹೋದೆ.

ಅಮ್ಮನವರು ಒಳಗಿನಿಂದ ಒಂದು ತಗಡಿನ ಟ್ರಂಕನ್ನು ಎಳೆದು ತಂದರು. ಅದರಲ್ಲಿ ದೀಕ್ಷೆಯ ಎರಡು ಪ್ರಮಾಣಪತ್ರಗಳು, ನೇಮಕದ ಪತ್ರಗಳು, ದಾರದಲ್ಲಿ ಕಟ್ಟಿದ ಪ್ರಸಂಗದ ಟಿಪ್ಪಣಿಗಳ ಕಂತೆಗಳು, ತಳದಲ್ಲಿ ನೀಲಿ ರಟ್ಟಿನ ಒಂಬತ್ತು ನೋಟ್‌ಪುಸ್ತಕಗಳು ಇದ್ದವು. ಮೂವತ್ತನಾಲ್ಕು ವರ್ಷ, ಒಂಬತ್ತು ಸಭೆ. ಒಂದೊಂದು ಸಭೆಗೆ ಒಂದೊಂದು ಪುಸ್ತಕ. ಮೇಲಿನ ಕಾಗದಗಳನ್ನು ನನ್ನ ಕಡೆಗೆ ಸರಿಸಿದ ಅಮ್ಮನವರು ನೋಟ್‌ಪುಸ್ತಕಗಳನ್ನು ಮಾತ್ರ ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

ಮೆಥೋಡಿಸ್ಟ್ ಸಭಾಪಾಲಕರ ಜೀವನಚರಿತ್ರೆ ಬರೆಯುವುದು ಒಂದು ರೀತಿಯಲ್ಲಿ ಸುಲಭ, ಏಕೆಂದರೆ ಅದರ ಅರ್ಧ ಭಾಗ ವರ್ಗಾವಣೆಯ ಪಟ್ಟಿಯೇ ಆಗಿರುತ್ತದೆ. ನಮ್ಮಲ್ಲಿ ಸಭೆಯವರು ತಮ್ಮ ಪಾಲಕರನ್ನು ತಾವೇ ಆರಿಸಿಕೊಳ್ಳುವ ಪದ್ಧತಿ ಇಲ್ಲ. ವಾರ್ಷಿಕ ಕಾನ್ಫರೆನ್ಸಿನಲ್ಲಿ ಬಿಷಪ್ಪರು ನೇಮಕದ ಪಟ್ಟಿ ಓದುತ್ತಾರೆ, ಹೆಸರು ಬಂದವರು ಹೊರಡುತ್ತಾರೆ. ಮೆಥೋಡಿಸ್ಟ್ ಪಂಥವನ್ನು ಹುಟ್ಟುಹಾಕಿದ ಜಾನ್ ವೆಸ್ಲಿ 1744ರಲ್ಲಿ ಲಂಡನ್ನಿನಲ್ಲಿ ಮೊದಲ ಕಾನ್ಫರೆನ್ಸ್ ಕರೆದ ಕಾಲದಿಂದಲೂ ಬೋಧಕರು ಒಂದೇ ಕಡೆ ಬೇರು ಬಿಡಬಾರದು ಎಂಬುದು ಈ ಪಂಥದ ರೂಢಿ. ಒಂದೇ ಸ್ಥಳದಲ್ಲಿ ಇಡೀ ವರ್ಷ ಪ್ರಸಂಗ ಮಾಡಬೇಕಾಗಿ ಬಂದರೆ ನಾನೂ ನಿದ್ದೆ ಹೋಗುತ್ತೇನೆ, ಕೇಳುವವರಲ್ಲಿ ಹೆಚ್ಚಿನವರೂ ನಿದ್ದೆ ಹೋಗುತ್ತಾರೆ ಎಂಬರ್ಥದ ಮಾತನ್ನು ವೆಸ್ಲಿಯೇ 1756ರ ಒಂದು ಪತ್ರದಲ್ಲಿ ಬರೆದಿದ್ದಾನೆ. ಈ ಮಾತು ನನಗೆ ಗೊತ್ತಾದದ್ದು ಯಾವ ಪುಸ್ತಕದಿಂದಲೂ ಅಲ್ಲ. ಎಲ್ಲಿಂದ ಎಂಬುದನ್ನು ಮುಂದೆ ಹೇಳುತ್ತೇನೆ.

ಅಯ್ಯನವರ ಪ್ರಸಂಗ ಚೆನ್ನಾಗಿರುತ್ತಿರಲಿಲ್ಲ. ತೀರಿಕೊಂಡವರ ಬಗ್ಗೆ ಹೀಗೆ ಬರೆಯಬಾರದು ಎನ್ನುವವರಿದ್ದಾರೆ, ಆದರೆ ಇದನ್ನು ಮುಚ್ಚಿಟ್ಟರೆ ಮುಂದಿನ ಯಾವ ಮಾತೂ ನಿಲ್ಲುವುದಿಲ್ಲ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ವೆಸ್ಲಿ ಮನಸ್ಸಿಲ್ಲದೆ ಹೋದದ್ದು, ಅಲ್ಲಿ ಯಾರೋ ಬೈಬಲಿನ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಧರ್ಮಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿಯನ್ನು ಓದುತ್ತಿದ್ದದ್ದು, ಒಂಬತ್ತಕ್ಕೆ ಇನ್ನು ಕಾಲು ಗಂಟೆ ಇರುವಾಗ ಅವನ ಹೃದಯ ಬೆಚ್ಚಗಾದದ್ದು ಮೆಥೋಡಿಸ್ಟರೆಲ್ಲ ಬಲ್ಲ ಕಥೆ. ಅದನ್ನು ಹೇಳಲು ಹೊರಟರೆ ಅಯ್ಯನವರು ಬೀದಿ, ಕೂಟ, ಮುನ್ನುಡಿ, ಗಡಿಯಾರ ಎಲ್ಲವನ್ನೂ ವಿವರವಾಗಿ ಹೇಳಿ, ಹೃದಯದ ಹತ್ತಿರ ಬರುವ ಹೊತ್ತಿಗೆ ಸಮಯವಾಯಿತೆಂದು ಪ್ರಾರ್ಥನೆಗೆ ತಲೆಬಾಗಿಸಿಬಿಡುತ್ತಿದ್ದರು. ದನಿಯಲ್ಲಿ ಏರಿಳಿತವಿರಲಿಲ್ಲ. ಹಿಂದಿನ ಬೆಂಚುಗಳಲ್ಲಿ ತೂಕಡಿಸದೆ ಉಳಿದವರು ಅಪರೂಪ.

ಆದರೆ ಮನೆಭೇಟಿಗೆ ಬಂದಾಗ ಅವರು ಬೇರೆಯೇ ಮನುಷ್ಯರಾಗಿರುತ್ತಿದ್ದರು. ಬಾಗಿಲಿನ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದರು, ಒಳಗೆ ಬನ್ನಿ ಎಂದು ಎಷ್ಟು ಕರೆದರೂ ಮುಂದೆ ಬರುತ್ತಿರಲಿಲ್ಲ. ಆರಾಧನೆಗೆ ಯಾಕೆ ಬರಲಿಲ್ಲ, ಕಾಣಿಕೆ ಯಾಕೆ ಬಾಕಿ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಪ್ರತಿ ಮನೆಯಲ್ಲೂ, ಪ್ರತಿಯೊಬ್ಬರಿಗೂ ಅವರ ಪ್ರಶ್ನೆ ಒಂದೇ: "ನಿದ್ದೆ ಚೆನ್ನಾಗಿ ಬರುತ್ತಿದೆಯೇ?" ಕೇಳಿದ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಆ ಮೌನದಲ್ಲಿ ಸಾಲ, ಗಂಡನ ಕುಡಿತ, ಮಗಳ ಮದುವೆ, ಹೇಳಿಕೊಳ್ಳಲಾಗದ ಕಾಯಿಲೆ ಎಲ್ಲವೂ ಒಂದೊಂದಾಗಿ ಹೊರಗೆ ಬರುತ್ತಿದ್ದವು.

ಈ ಅಭ್ಯಾಸಕ್ಕೂ ಅವರ ಬಳಿ ಒಂದು ಕಥೆಯಿತ್ತು. 1742ರಲ್ಲಿ ಬ್ರಿಸ್ಟಲ್‌ನ ಸಭೆಗೆ ಕಟ್ಟಡದ ಸಾಲವಿತ್ತು. ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂಬ ಸಲಹೆ ಬಂದಾಗ, ಅಷ್ಟು ಕೊಡಲಾಗದ ಬಡವರೂ ಇದ್ದಾರಲ್ಲ ಎಂದು ಇನ್ನೊಬ್ಬರು ಹೇಳಿದರು. ಅದಕ್ಕೆ ಕ್ಯಾಪ್ಟನ್ ಫಾಯ್ ಎಂಬಾತ, ತೀರ ಬಡವರಾದ ಹನ್ನೊಂದು ಜನರನ್ನು ನನ್ನ ಲೆಕ್ಕಕ್ಕೆ ಹಾಕಿ, ವಾರವಾರ ಹೋಗಿ ಕೇಳುತ್ತೇನೆ, ಅವರಿಂದಾಗದಿದ್ದರೆ ಅವರ ಪಾಲನ್ನೂ ನಾನೇ ಕೊಡುತ್ತೇನೆ ಎಂದ. ಹೀಗೆ ಹನ್ನೆರಡು ಹನ್ನೆರಡು ಜನರ ಗುಂಪಾಯಿತು. ಪೆನ್ನಿಗಾಗಿ ಮನೆಗಳಿಗೆ ಹೋದವರು ಅಲ್ಲಿ ಜನ ನಿಜವಾಗಿ ಹೇಗೆ ಬದುಕುತ್ತಿದ್ದಾರೆಂದು ಕಂಡು ಬಂದರು. ಮೆಥೋಡಿಸ್ಟರ ಕ್ಲಾಸ್ ಕೂಟಗಳು ಹುಟ್ಟಿದ್ದು ಹಾಗೆ. "ನಮ್ಮ ಪಂಥ ಪ್ರಸಂಗಪೀಠದಲ್ಲಿ ಅರ್ಧ ಹುಟ್ಟಿತು, ಸಾಲ ವಸೂಲಿಯಲ್ಲಿ ಇನ್ನರ್ಧ ಹುಟ್ಟಿತು" ಎಂದು ಅಯ್ಯನವರು ನಗುತ್ತಿದ್ದರು. ಇದನ್ನು ಅವರು ಪ್ರಸಂಗದಲ್ಲಿ ಹೇಳಿದ್ದೇ ಇಲ್ಲ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಹೇಳಿದ್ದು.

ಅವರು ನಮ್ಮ ಸಭೆಗೆ ಬಂದ ಆರನೆಯ ವರ್ಷ, ನಾವು ಆರು ಜನ ಯುವಕರು ಸೇರಿ ಅವರನ್ನು ಬದಲಾಯಿಸಬೇಕೆಂದು ಮೇಲಿನವರಿಗೆ ಅರ್ಜಿ ಬರೆದೆವು. ಪ್ರಸಂಗ ಚೈತನ್ಯಹೀನವಾಗಿದೆ, ಯುವಜನರು ಬೇರೆ ಸಭೆಗಳ ಕಡೆಗೆ ಹೋಗುತ್ತಿದ್ದಾರೆ ಎಂಬುದು ಅದರ ಸಾರಾಂಶ. ಅಕ್ಷರ ಚೆನ್ನಾಗಿದೆಯೆಂದು ಬರೆಯುವ ಕೆಲಸವನ್ನು ನನಗೇ ಒಪ್ಪಿಸಿದ್ದರು. ಆ ವರ್ಷದ ಕಾನ್ಫರೆನ್ಸಿನಲ್ಲಿ ಅವರ ಹೆಸರು ಬೇರೊಂದು ಸಭೆಯ ಎದುರಿಗೆ ಬಂತು.

ಕೊನೆಯ ಭಾನುವಾರ ಅವರು ಪ್ರಸಂಗಪೀಠದಿಂದಲೇ ವೆಸ್ಲಿಯ ಆ ಪತ್ರದ ಮಾತನ್ನು ಹೇಳಿ, "ಅವನು ಒಂದು ವರ್ಷಕ್ಕೇ ಹೆದರಿದ್ದ, ನಾನು ನಿಮ್ಮನ್ನು ಆರು ವರ್ಷ ಮಲಗಿಸಿದ್ದೇನೆ, ಕ್ಷಮಿಸಿ" ಎಂದರು. ಇಡೀ ಸಭೆ ನಕ್ಕಿತು, ನನಗೆ ನಗಲಾಗಲಿಲ್ಲ. ಆಮೇಲೆ ವರ್ಷದ ಆರಂಭದಲ್ಲಿ ಮಾತ್ರ ಹೇಳಿಸುವ ಒಡಂಬಡಿಕೆಯ ಪ್ರಾರ್ಥನೆಯನ್ನು ಅಂದು ಹೇಳಿಸಿದರು. ಒಡಂಬಡಿಕೆಯ ಆರಾಧನೆಯನ್ನು ವೆಸ್ಲಿ ಮೊದಲು ನಡೆಸಿದ್ದು 1755ರಲ್ಲಿ; ಆ ಪ್ರಾರ್ಥನೆಯಲ್ಲಿ, ನಿನಗಾಗಿ ನನ್ನನ್ನು ಕೆಲಸಕ್ಕೆ ಹಚ್ಚಿದರೂ ಸರಿ, ನಿನಗಾಗಿ ಬದಿಗಿಟ್ಟರೂ ಸರಿ ಎಂಬ ಮಾತು ಬರುತ್ತದೆ. ಬದಿಗಿಟ್ಟರೂ ಸರಿ ಎಂಬಲ್ಲಿ ಅವರ ದನಿ, ನಾನು ಕೇಳಿದ್ದರಲ್ಲಿ ಅದೊಂದೇ ಸಲ, ಕೊಂಚ ಏರಿತು.

ಇಷ್ಟು ವರ್ಷಗಳ ಮೇಲೆ ಟ್ರಂಕಿನ ಎದುರು ಕೂತು ನೇಮಕದ ಪತ್ರಗಳನ್ನು ಜೋಡಿಸುತ್ತಿದ್ದವನು ನಮ್ಮ ಸಭೆಯದು ಕೈಗೆ ಬಂದಾಗ ತಡೆದುಕೊಳ್ಳಲಾಗದೆ ಅಮ್ಮನವರಿಗೆ ವಿಷಯ ಹೇಳಿಬಿಟ್ಟೆ.

"ಗೊತ್ತಿತ್ತಪ್ಪಾ" ಎಂದರು ಅಮ್ಮನವರು. "ಅರ್ಜಿಯನ್ನು ಅವರಿಗೆ ತೋರಿಸಿದ್ದರು. ಅಕ್ಷರ ನೋಡಿದ ಕೂಡಲೇ ನಿನ್ನದೆಂದು ಗುರುತು ಹಿಡಿದರು. ಕಾಗುಣಿತದ ಒಂದು ತಪ್ಪೂ ಇಲ್ಲ ಎಂದು ಮನೆಗೆ ಬಂದು ನನಗೆ ಹೇಳಿದರು."

ಆಮೇಲೆ ಮಡಿಲಲ್ಲಿದ್ದ ಪುಸ್ತಕಗಳಲ್ಲಿ ಒಂದನ್ನು ಹುಡುಕಿ ತೆರೆದರು. ಎಡಬದಿಯ ಪುಟ ಇನ್ಯಾರದೋ ಮನೆಯದು. ಅದರ ಮೇಲೆ ಹಳೆಯ ಲಕೋಟೆಯೊಂದನ್ನು ಅಂಚಿಗೆ ಅಂಚು ಸರಿಯಾಗಿ ಕೂಡಿಸಿ ಇಟ್ಟು, ಅದು ಸರಿಯದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಬಲಬದಿಯ ಪುಟವನ್ನಷ್ಟೇ ನನಗೆ ತೋರಿಸಿದರು. ಅದು ನಮ್ಮ ಮನೆಯ ಪುಟ. ಪೆನ್ಸಿಲ್‌ನಲ್ಲಿ ಬರೆದ ತಾರೀಕುಗಳು, ಪ್ರತಿ ತಾರೀಕಿನ ಎದುರು ಒಂದೋ ಎರಡೋ ಪುಟ್ಟ ವಾಕ್ಯ. ತಾಯಿಗೆ ಮಂಡಿನೋವು. ತಂದೆಗೆ ಕೆಲಸದಲ್ಲಿ ಕಿರಿಕಿರಿ. ಅರ್ಜಿ ಹೋದ ಮರುವಾರದ ತಾರೀಕಿನ ಎದುರು ಹೀಗಿತ್ತು: "ಮಗ ಹೊರಗೆ ಬರಲಿಲ್ಲ. ಕೋಣೆಯಲ್ಲಿ ದೀಪ ಉರಿಯುತ್ತಿತ್ತು."

ನನಗೆ ಆ ಸಂಜೆ ನೆನಪಿದೆ. ಅವರ ದನಿ ಕೇಳಿದ ಕೂಡಲೇ ಕೋಣೆಯ ಬಾಗಿಲು ಮುಂದಕ್ಕೆ ಮಾಡಿಕೊಂಡು, ಓದುತ್ತಿರುವವನಂತೆ ಪುಸ್ತಕ ಹಿಡಿದು ಕೂತಿದ್ದೆ.

ಪುಟದ ಕೊನೆಯ ತಾರೀಕು ಅವರು ನಮ್ಮ ಸಭೆಯನ್ನು ಬಿಟ್ಟು ಎರಡು ವರ್ಷಗಳಾದ ಮೇಲಿನದು, ನನ್ನ ತಂದೆ ತೀರಿಕೊಂಡ ವಾರದ್ದು. ಹಳೆಯ ಪಾಲಕರು ಹಿಂದಿನ ಸಭೆಯ ಮನೆಗಳಿಗೆ ತಾವಾಗಿ ಹೋಗುವುದು ಸಲ್ಲದು ಎಂಬ ಮರ್ಯಾದೆ ನಮ್ಮಲ್ಲಿದೆ. ಅದಕ್ಕೇ ಮೊದಲು "ಅಲ್ಲಿನ ಪಾಲಕರ ಅನುಮತಿ ಪಡೆದು" ಎಂದು ಬರೆದುಕೊಂಡಿದ್ದರು. ಅಂದೂ ಬಾಗಿಲ ಪಕ್ಕದಲ್ಲೇ ಕೂತು, ನನ್ನನ್ನು ಅದೇ ಪ್ರಶ್ನೆ ಕೇಳಿದ್ದರು. ಬರುತ್ತಿದೆ ಅಯ್ಯನವರೇ ಎಂದು ನಾನು ಉತ್ತರ ಕೊಟ್ಟಿದ್ದೆ. ಪುಸ್ತಕದಲ್ಲಿ ಹೀಗಿದೆ: "ನಿದ್ದೆ ಬರುತ್ತಿದೆ ಎಂದ. ಬರುತ್ತಿಲ್ಲ."

ಆ ಒಂದು ಹಾಳೆಯನ್ನು ನನಗೆ ಕೊಡಬಹುದೇ ಎಂದು ಕೇಳಿದೆ. ಅಮ್ಮನವರು ಪುಸ್ತಕ ಮುಚ್ಚಿದರು. "ಹಿಂಬದಿಯಲ್ಲಿ ಇನ್ನೊಬ್ಬರ ಮನೆಯಿದೆ. ಎಲ್ಲವನ್ನೂ ಸುಟ್ಟುಬಿಡು ಎಂದು ಹೇಳಿ ಹೋಗಿದ್ದಾರೆ" ಎಂದರು. ಮುಂದೆ ಕೇಳಲು ನನಗೆ ಬಾಯಿ ಬರಲಿಲ್ಲ.

ತಮ್ಮ ಶವಸಂಸ್ಕಾರದಲ್ಲಿ ಹೊಗಳಿಕೆಯ ಮಾತು ಕೂಡದೆಂದು ಅವರು ಮೊದಲೇ ಹೇಳಿಟ್ಟಿದ್ದರು; ಮಾತಾಡಬೇಕೆನ್ನುವವರಿಗಾಗಿಯೇ ಈ ಸ್ಮರಣಾರಾಧನೆ ಬೇರೆಯಾಗಿ ಏರ್ಪಾಟಾಗಿತ್ತು. ಹೆಣವನ್ನು ಸಾರೋಟಿನಲ್ಲಿ ಒಯ್ಯಬಾರದು, ಆಡಂಬರ ಬೇಡ, ಆರು ಜನ ಬಡವರು ಹೊರಲಿ, ಅವರಿಗೆ ಆರು ಪೌಂಡು ಹಂಚಿರಿ ಎಂದು ಉಯಿಲಿನಲ್ಲಿ ಬರೆದು 1791ರಲ್ಲಿ ತೀರಿಕೊಂಡ ವೆಸ್ಲಿಯ ಜಾಡಿನಲ್ಲೇ ಇವರೂ ನಡೆದರು ಎಂದು ಬಿಷಪ್ಪರು ನೆನೆದರು. ಅನಂತರ ನಾಲ್ವರು ಮಾತಾಡಿದರು. ಯಾರೂ ಅವರ ಒಂದು ಪ್ರಸಂಗವನ್ನೂ ನೆನೆಯಲಿಲ್ಲ. ನಾಲ್ವರೂ ಆ ಪ್ರಶ್ನೆಯನ್ನು ನೆನೆದರು, ತಮ್ಮನ್ನು ಮಾತ್ರ ಹಾಗೆ ಕೇಳುತ್ತಿದ್ದರು ಎಂಬಂತೆ.

ನನ್ನ ಸರದಿ ಬಂತು. ಸಭೆಗಳ ಪಟ್ಟಿಯಲ್ಲಿ ನಮ್ಮದು ಬಂದಾಗ, "ಇಲ್ಲಿ 6 ವರ್ಷ ಸೇವೆ ಮಾಡಿದರು, ಅವರ ವರ್ಗಾವಣೆ ಕೋರಿದ ಅರ್ಜಿಯನ್ನು ಬರೆದವನು ನಾನು" ಎಂದು ಬರೆದಿದ್ದನ್ನು ಬರೆದ ಹಾಗೆಯೇ ಓದಿದೆ. ಉಳಿದ ಸಹಿಗಳ ಪೈಕಿ ಇಬ್ಬರು ಎರಡನೆಯ ಬೆಂಚಿನಲ್ಲಿದ್ದರು. ಒಬ್ಬರು ಕನ್ನಡಕ ತೆಗೆದು ಒರೆಸತೊಡಗಿದರು, ಇನ್ನೊಬ್ಬರು ಸಂಗೀತ ಪುಸ್ತಕ ತಿರುವಿದರು.

ಆರಾಧನೆ ಮುಗಿದ ಮೇಲೆ ಕಾರ್ಯದರ್ಶಿಗಳು ಹತ್ತಿರ ಬಂದು, ಸಭೆಯ ದಾಖಲೆಗೆ ಇದರ ಒಂದು ಶುದ್ಧಪ್ರತಿ ಬೇಕು, ಆ ಒಂದು ವಾಕ್ಯವನ್ನು ಬಿಟ್ಟು ಬರೆದುಕೊಡಬಹುದಲ್ಲವೇ ಎಂದು ಮೆಲ್ಲಗೆ ಕೇಳಿದರು. ಆಗುವುದಿಲ್ಲ ಎಂದೆ. ಮರುದಿನ ಶುದ್ಧಪ್ರತಿ ಮಾಡುವಾಗ, ಅರ್ಜಿಯಲ್ಲಿ ಬರೆದಷ್ಟೇ ದುಂಡಗೆ ಅದನ್ನೂ ಬರೆದೆ.