ನೆಮ್ಮದಿಗಾಗಿ ಓದಿದ್ದು, ಕೇಳಿದ್ದು, ಮಾಡಿ ನೋಡಿದ್ದು

ಮನಸ್ಸಿನ ಆರೋಗ್ಯ ಮತ್ತು ನೆಮ್ಮದಿಯ ಕುರಿತ ಪುಸ್ತಕಗಳು ನನ್ನ ಕಪಾಟಿನಲ್ಲಿ ಎರಡು ಸಾಲು ತುಂಬಿವೆ. ಅವುಗಳಲ್ಲಿ ಹೆಚ್ಚಿನವನ್ನು ಓದಿದ್ದು ನನ್ನ ಬದುಕಿನ ಕಷ್ಟದ ಎರಡು ವರ್ಷಗಳಲ್ಲಿ. ಆಗ ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಹಗಲಿನಲ್ಲಿ ಸಣ್ಣ ಮಾತೊಂದು ಕೂಡ ಎದೆಯಲ್ಲಿ ಗಂಟೆಗಟ್ಟಲೆ ಕುಳಿತಿರುತ್ತಿತ್ತು. ಒಂದು ಪುಸ್ತಕ ಮುಗಿಯುವ ಮುನ್ನವೇ ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತಿದ್ದೆ, ಪಾಡ್‌ಕಾಸ್ಟ್‌ಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಿದ್ದೆ. ಆತಂಕ ಹೇಗೆ ಹುಟ್ಟುತ್ತದೆ, ಅಭ್ಯಾಸ ಹೇಗೆ ಬೇರೂರುತ್ತದೆ ಎಂಬುದನ್ನು ಯಾರು ಕೇಳಿದರೂ ವಿವರಿಸಬಲ್ಲವಳಾಗಿದ್ದೆ, ಆದರೆ ನನ್ನ ರಾತ್ರಿಗಳು ಇದ್ದ ಹಾಗೆಯೇ ಇದ್ದವು. ಯಾವ ಪುಸ್ತಕ ಓದಬೇಕು, ಯಾವುದನ್ನು ಕೇಳಬೇಕು ಎಂದು ಆತ್ಮೀಯರು ಕೇಳಿದಾಗ ನಾನು ಈಗ ಒಂದೇ ಅಳತೆಗೋಲು ಹಿಡಿಯುತ್ತೇನೆ: ಓದಿದ ಮೇಲೆ ಅದು ನನ್ನಿಂದ ಏನನ್ನಾದರೂ ಮಾಡಿಸಿತೇ? ಮುಂದೆ ಹೇಳುವ ಪುಸ್ತಕಗಳಲ್ಲಿ ಹೆಚ್ಚಿನವು ಆ ಅಳತೆಯಲ್ಲಿ ಉಳಿದುಕೊಂಡವು.

ಮೊದಲನೆಯದು, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಅಮೆರಿಕದ ಮನೋವೈದ್ಯ ಡೇವಿಡ್ ಬರ್ನ್ಸ್ 1980ರಲ್ಲಿ ಬರೆದ ‘ಫೀಲಿಂಗ್ ಗುಡ್’. ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಕಾಗ್ನಿಟಿವ್ ಥೆರಪಿಯನ್ನು ಸಾಮಾನ್ಯ ಓದುಗರ ಕೈಗೆ ಎಟುಕುವಂತೆ ಮಾಡಿದ ಪುಸ್ತಕ ಅದು. ನಮ್ಮನ್ನು ಕುಗ್ಗಿಸುವುದು ಘಟನೆಗಿಂತ ಹೆಚ್ಚಾಗಿ ಆ ಘಟನೆಗೆ ಮನಸ್ಸು ಕೊಡುವ ಅರ್ಥ, ಮತ್ತು ಆ ಅರ್ಥದಲ್ಲಿ ಕೆಲವು ತಪ್ಪುಗಳು ಮತ್ತೆ ಮತ್ತೆ ಮರಳುತ್ತವೆ ಎಂಬುದು ಅದರ ತಿರುಳು. ಬರ್ನ್ಸ್ ಅಂಥ ಹತ್ತು ತಪ್ಪುಗಳನ್ನು ಹೆಸರಿಟ್ಟು ಗುರುತಿಸುತ್ತಾರೆ: ಎಲ್ಲವೂ ಇಲ್ಲವೇ ಏನೂ ಇಲ್ಲ ಎಂದು ಯೋಚಿಸುವುದು, ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆಯೆಂದು ತಾನೇ ಊಹಿಸಿ ನಂಬಿಬಿಡುವುದು, ಒಂದು ಸೋಲನ್ನು ಇಡೀ ಬದುಕಿಗೆ ಹಬ್ಬಿಸುವುದು, ‘ಹೀಗೆಯೇ ಇರಬೇಕಿತ್ತು’ ಎಂಬ ಕಟ್ಟಳೆಗಳಿಂದ ತನ್ನನ್ನೇ ದಂಡಿಸಿಕೊಳ್ಳುವುದು, ಹೀಗೆ.

ಈ ಪಟ್ಟಿಯನ್ನು ಮೊದಲ ಸಲ ಓದಿದಾಗ ನಾನು ತಲೆದೂಗಿ ಪುಟ ತಿರುಗಿಸಿದ್ದೆ. ಎರಡನೆಯ ಓದಿನಲ್ಲಿ ಮಾತ್ರ ಅವರು ಎಷ್ಟು ಸಲ ಒತ್ತಿ ಹೇಳಿದ್ದಾರೆಂಬುದು ಕಣ್ಣಿಗೆ ಬಿತ್ತು: ಇದನ್ನು ತಲೆಯೊಳಗೇ ಮಾಡಬೇಡಿ, ಕಾಗದದ ಮೇಲೆ ಬರೆಯಿರಿ. ಹಾಳೆಯಲ್ಲಿ ಮೂರು ಅಂಕಣಗಳನ್ನು ಗೀಚಬೇಕು. ಮೊದಲನೆಯದರಲ್ಲಿ ತಾನಾಗಿ ಹೊಳೆದ ಯೋಚನೆ, ಎರಡನೆಯದರಲ್ಲಿ ಅದರಲ್ಲಿ ಅಡಗಿರುವ ತಪ್ಪಿನ ಹೆಸರು, ಮೂರನೆಯದರಲ್ಲಿ ನಾವು ನಿಜವಾಗಿಯೂ ನಂಬಬಲ್ಲ ಉತ್ತರ. ನನ್ನ ನೋಟುಪುಸ್ತಕದ ಮೊದಲ ಪುಟದಲ್ಲಿ ಇರುವುದು ಇಷ್ಟೇ: ‘ಸಹೋದ್ಯೋಗಿ ನನ್ನ ಪತ್ರಕ್ಕೆ ಎರಡು ದಿನದಿಂದ ಉತ್ತರಿಸಿಲ್ಲ, ಅವರಿಗೆ ನನ್ನ ಕೆಲಸದ ಬಗ್ಗೆ ಅಸಮಾಧಾನವಿದೆ.’ ಪಕ್ಕದಲ್ಲಿ, ‘ಪರರ ಮನಸ್ಸನ್ನು ಊಹಿಸುವುದು.’ ಅದರ ಪಕ್ಕದಲ್ಲಿ, ‘ಕಳೆದ ತಿಂಗಳು ಅವರು ಬೇರೆಯವರಿಗೂ ತಡವಾಗಿಯೇ ಉತ್ತರಿಸಿದ್ದರು, ಅಸಮಾಧಾನವಿದ್ದರೆ ಕೇಳಿ ತಿಳಿಯಬಹುದು.’ ಓದುವವರಿಗೆ ಇದು ಬಾಲಿಶವಾಗಿ ತೋರಬಹುದು. ಆದರೆ ಮೂರನೆಯ ಅಂಕಣದಲ್ಲಿ ಸುಳ್ಳು ಸಮಾಧಾನವನ್ನು ಬರೆದರೆ ಮನಸ್ಸು ಅದನ್ನು ಒಪ್ಪುವುದಿಲ್ಲ, ಸಾಕ್ಷ್ಯ ಕೇಳುತ್ತದೆ. ಆ ಸಾಕ್ಷ್ಯವನ್ನು ಹುಡುಕುವ ಶ್ರಮದಲ್ಲೇ ಯೋಚನೆಯ ಬಿಗಿ ಸಡಿಲಗೊಳ್ಳುತ್ತದೆ. ದಿನಕ್ಕೆ ಹದಿನೈದು ನಿಮಿಷದಂತೆ ಆರು ವಾರ ಬರೆದ ಮೇಲೆ, ಪೆನ್ನು ಹಿಡಿಯುವ ಮೊದಲೇ ಎರಡನೆಯ ಅಂಕಣದ ಹೆಸರು ಹೊಳೆಯತೊಡಗಿತು.

ಇದು ನನ್ನೊಬ್ಬಳ ಅನುಭವವಷ್ಟೇ ಅಲ್ಲ ಎಂದು ಹೇಳಲು ಆಧಾರವಿದೆ. ಪುಸ್ತಕವನ್ನೇ ಚಿಕಿತ್ಸೆಯ ಸಾಧನವಾಗಿ ಕೊಟ್ಟು ಪರೀಕ್ಷಿಸಿದ ಸಂಶೋಧನೆಗಳಲ್ಲಿ ‘ಫೀಲಿಂಗ್ ಗುಡ್’ಗೆ ದೊಡ್ಡ ಪಾಲಿದೆ. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಖಿನ್ನತೆಯಿಂದ ಬಳಲುತ್ತಿದ್ದ 80 ಜನರಲ್ಲಿ ಒಂದು ಗುಂಪಿಗೆ ಈ ಪುಸ್ತಕ ಕೊಟ್ಟು ನಾಲ್ಕು ವಾರ ಕಾಲಾವಕಾಶ ನೀಡಲಾಯಿತು. ಚಿಕಿತ್ಸೆಗಾಗಿ ಕಾಯುತ್ತಿದ್ದ ಗುಂಪಿಗಿಂತ ಓದಿದವರಲ್ಲಿ ಖಿನ್ನತೆಯ ಲಕ್ಷಣಗಳು ಸ್ಪಷ್ಟವಾಗಿ ಇಳಿದವು. ಎಲ್ಲರಿಗೂ ಇದೇ ಸಾಕು ಎಂದು ಇದರಿಂದ ತೀರ್ಮಾನಿಸಬಾರದು. ಕುಗ್ಗಿದ ಮನಸ್ಥಿತಿ ಎರಡು ವಾರ ದಾಟಿ ದಿನದ ಕೆಲಸಗಳನ್ನೂ ನಿಲ್ಲಿಸುತ್ತಿದ್ದರೆ, ಅಥವಾ ಬದುಕು ಬೇಡವೆಂಬ ಯೋಚನೆ ಒಂದು ಸಲವಾದರೂ ಸುಳಿದಿದ್ದರೆ, ಪುಸ್ತಕವನ್ನು ಬದಿಗಿಟ್ಟು ಮೊದಲು ವೈದ್ಯರನ್ನು ಕಾಣಬೇಕು. ನಾನೂ ಕೆಲವು ತಿಂಗಳು ಆಪ್ತಸಮಾಲೋಚಕರ ಬಳಿ ಹೋಗಿದ್ದೇನೆ. ಬರೆದ ಹಾಳೆಗಳನ್ನು ಅವರ ಮುಂದಿಟ್ಟು ಮಾತಾಡಿದ್ದರಿಂದಲೇ ಆ ಬರವಣಿಗೆಗೆ ಪೂರ್ಣ ಫಲ ಸಿಕ್ಕಿತು.

ಬರವಣಿಗೆಯ ವಿಚಾರದಲ್ಲಿ ಇನ್ನೊಂದು ಪುಸ್ತಕವನ್ನು ಹೇಳಲೇಬೇಕು. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅವರ ‘ಓಪನಿಂಗ್ ಅಪ್’ 1990ರಲ್ಲಿ ಬಂತು. ಯಾರಿಗೂ ಹೇಳದೆ ಉಳಿಸಿಕೊಂಡ ನೋವಿನ ಕುರಿತು ಸತತ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ವ್ಯಾಕರಣ ಕಾಗುಣಿತಗಳ ಗೊಡವೆಯಿಲ್ಲದೆ ಬರೆಯಿರಿ ಎಂದು ಅವರು 1980ರ ದಶಕದಲ್ಲಿ ವಿದ್ಯಾರ್ಥಿಗಳಿಗೆ ಹೇಳಿದರು. ಹಾಗೆ ಬರೆದವರು ಮುಂದಿನ ತಿಂಗಳುಗಳಲ್ಲಿ ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ. ಬರೆದ ತಕ್ಷಣ ಮನಸ್ಸು ಹಗುರಾಗುವುದಿಲ್ಲ, ಇನ್ನಷ್ಟು ಭಾರವಾಗುತ್ತದೆ ಎಂಬುದನ್ನು ಪುಸ್ತಕ ಮುಚ್ಚಿಡುವುದಿಲ್ಲ. ಈ ಪ್ರಾಮಾಣಿಕತೆಯಿಂದಾಗಿಯೇ ನಾನು ಎರಡನೆಯ ದಿನ ಅಳುತ್ತಾ ನಿಲ್ಲಿಸಿಬಿಡದೆ ನಾಲ್ಕನೆಯ ದಿನದವರೆಗೆ ಬರೆದೆ.

ನಿದ್ದೆಯ ಕುರಿತು ನನ್ನ ಸಲಹೆ ಹಲವರಿಗೆ ವಿಚಿತ್ರವೆನಿಸುತ್ತದೆ. ನಿದ್ದೆಯ ಬಗ್ಗೆ ಅತಿ ಹೆಚ್ಚು ಹೆಸರಾದ ಪುಸ್ತಕ ಮ್ಯಾಥ್ಯೂ ವಾಕರ್ ಅವರ ‘ವೈ ವಿ ಸ್ಲೀಪ್’, 2017ರದ್ದು. ನಿದ್ದೆಯನ್ನು ಕಡೆಗಣಿಸಿ ರಾತ್ರಿಯೆಲ್ಲ ಕೆಲಸ ಮಾಡುವವರು ಅದನ್ನು ಓದಲಿ. ನಿದ್ದೆ ಬಾರದೆ ಒದ್ದಾಡುವವರಿಗೆ ಮಾತ್ರ ನಾನು ಅದನ್ನು ಕೊಡುವುದಿಲ್ಲ, ಏಕೆಂದರೆ ನಿದ್ದೆಗೆಟ್ಟರೆ ಏನೆಲ್ಲ ಕೆಡುತ್ತದೆ ಎಂಬ ಅದರ ಎಚ್ಚರಿಕೆಗಳು ಆಗಲೇ ಹೆದರಿದವರ ತಲೆದಿಂಬಿನ ಮೇಲೆ ಇನ್ನೊಂದು ಕಲ್ಲನ್ನು ಇಡುತ್ತವೆ; ಅಲ್ಲದೆ ಅದರ ಕೆಲವು ಹೇಳಿಕೆಗಳು ಅತಿರಂಜಿತವೆಂದು ವಿಮರ್ಶಕರು ಆಧಾರ ಸಹಿತ ತೋರಿಸಿದ್ದಾರೆ. ಅಂಥವರಿಗೆ ಬೇಕಾದದ್ದು ಗ್ರೆಗ್ ಜೇಕಬ್ಸ್ ಅವರ ‘ಸೇ ಗುಡ್ ನೈಟ್ ಟು ಇನ್‌ಸಾಮ್ನಿಯಾ’. ಅದು ಆರು ವಾರಗಳ ಕಾರ್ಯಕ್ರಮ. ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದುಬಿಡಬೇಕು, ರಾತ್ರಿ ಹೇಗೇ ಕಳೆದಿರಲಿ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಬೇಕು, ಹಾಸಿಗೆಯಲ್ಲಿ ಕಳೆಯುವ ಸಮಯವನ್ನೇ ಮೊದಲು ಕುಗ್ಗಿಸಿ, ನಿದ್ದೆ ಗಟ್ಟಿಯಾದಂತೆ ಸ್ವಲ್ಪ ಸ್ವಲ್ಪವೇ ಹಿಗ್ಗಿಸಬೇಕು. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಈ ಬಗೆಯ ವರ್ತನಾ ಚಿಕಿತ್ಸೆಯನ್ನೇ ಕೊಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಶಿಫಾರಸು ಮಾಡಿತು. ಮೊದಲ ಹತ್ತು ದಿನ ಕಣ್ಣು ಉರಿಯುತ್ತದೆ, ಸಿಟ್ಟು ಬರುತ್ತದೆ, ಇದು ಸಾಕೆನಿಸುತ್ತದೆ. ನನಗೆ ನಾಲ್ಕನೆಯ ವಾರದಲ್ಲಿ ಬೆಳಗಿನ ಐದರವರೆಗೆ ಒಂದೇ ಸಮನೆ ನಿದ್ದೆ ಬಂತು.

ಧ್ಯಾನದ ಪುಸ್ತಕಗಳ ರಾಶಿಯಲ್ಲಿ ನನ್ನ ಬಳಿ ಉಳಿದಿರುವುದು ಜಾನ್ ಕಬಾಟ್-ಜಿನ್ ಅವರ ‘ಫುಲ್ ಕೆಟಾಸ್ಟ್ರಫಿ ಲಿವಿಂಗ್’ ಮಾತ್ರ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ 1979ರಿಂದ ನಡೆಸಿದ ಎಂಟು ವಾರಗಳ ತರಬೇತಿಯನ್ನು ಅದು ಹಾಳೆಗಿಳಿಸಿದೆ. ದಿನಕ್ಕೆ ಮುಕ್ಕಾಲು ಗಂಟೆ ಕೇಳುತ್ತದೆ. ಅಷ್ಟು ಸಮಯ ಕೊಡಲಾಗದವರು ಪುಸ್ತಕವನ್ನು ಕೊಳ್ಳುವ ಮೊದಲೇ ಅದನ್ನು ತಿಳಿದಿರುವುದು ಒಳ್ಳೆಯದು. ಕಣ್ಣು ಮುಚ್ಚಿ ಕುಳಿತಾಗ ಹಳೆಯ ಆಘಾತದ ನೆನಪುಗಳು ನುಗ್ಗಿ ಬರುವವರು ಇದನ್ನು ಒಬ್ಬರೇ ಮಾಡದೆ ಬಲ್ಲವರ ಜೊತೆಯಲ್ಲಿ ಮಾಡಲಿ.

ಅಭ್ಯಾಸದ ಪುಸ್ತಕಗಳ ನಡುವೆ ಎರಡು ಹಳೆಯ ಕೃತಿಗಳನ್ನು ಇಟ್ಟುಕೊಂಡಿದ್ದೇನೆ, ಮತ್ತು ಅವೂ ಅಭ್ಯಾಸದ ಪುಸ್ತಕಗಳೇ ಎಂದು ನನಗೆ ತಡವಾಗಿ ತಿಳಿಯಿತು. ರೋಮಿನ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಗ್ರೀಕ್ ಭಾಷೆಯಲ್ಲಿ ಬರೆದಿಟ್ಟ ಹನ್ನೆರಡು ಭಾಗಗಳ ಟಿಪ್ಪಣಿಗಳನ್ನು ಮೊದಲು ಓದಿದಾಗ, ಒಂದೇ ಮಾತನ್ನು ಇಷ್ಟು ಸಲ ಏಕೆ ಹೇಳುತ್ತಾನೆ ಎಂದು ಬೇಸರಪಟ್ಟಿದ್ದೆ. ಅವನು ಬರೆದದ್ದು ನನಗಲ್ಲ, ತನಗೆ. ಯುದ್ಧದ ಬಿಡಾರದಲ್ಲಿ ಕುಳಿತು ಕೋಪವನ್ನೂ ಸಾವಿನ ಭಯವನ್ನೂ ‘ನೀನು’ ಎಂದು ತನ್ನನ್ನೇ ಸಂಬೋಧಿಸಿ ಎದುರಿಸುತ್ತಿದ್ದ, ನಿನ್ನೆ ಹೇಳಿಕೊಂಡದ್ದು ಇಂದಿಗೆ ಸಾಲದೆ ಮತ್ತೆ ಹೇಳಿಕೊಳ್ಳುತ್ತಿದ್ದ. ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ದಲ್ಲಿ ಪದ್ಯದ ಕೊನೆಗೆ ಬರುವ ಆ ಹೆಸರನ್ನು ನಾನು ಬಹಳ ಕಾಲ ಬರಿಯ ಅಂಕಿತವೆಂದೇ ಓದಿದ್ದೆ. ಮಾರ್ಕಸನನ್ನು ಓದಿದ ನಂತರ ಅದೂ ತನಗೆ ತಾನೇ ಹೇಳಿಕೊಳ್ಳುವ ದನಿಯಾಗಿ ಕೇಳತೊಡಗಿತು. 1943ರಲ್ಲಿ ಪ್ರಕಟವಾದ ಕಗ್ಗದಲ್ಲಿ 945 ಪದ್ಯಗಳಿವೆ. ದಿನಕ್ಕೊಂದರಂತೆ ಓದಿದರೆ ಎರಡೂವರೆ ವರ್ಷ ದಾಟುತ್ತದೆ. ನಾನು ಹಾಗೆಯೇ ಓದುತ್ತಿದ್ದೇನೆ: ಬೆಳಿಗ್ಗೆ ಒಂದು ಪದ್ಯ, ಎರಡು ಸಲ, ಬಾಯಿಬಿಟ್ಟು.

ವಿಕ್ಟರ್ ಫ್ರಾಂಕ್ಲ್ ಅವರ ‘ಮ್ಯಾನ್ಸ್ ಸರ್ಚ್ ಫಾರ್ ಮೀನಿಂಗ್’ ಮಾತ್ರ ನನ್ನ ಅಳತೆಗೋಲಿಗೆ ಸಿಗುವುದಿಲ್ಲ. ನಾತ್ಸಿ ಯಾತನಾ ಶಿಬಿರಗಳಿಂದ ಬದುಕಿ ಬಂದ ಈ ವೈದ್ಯರು ಒಂಬತ್ತು ದಿನಗಳಲ್ಲಿ ಹೇಳಿ ಬರೆಸಿ 1946ರಲ್ಲಿ ಹೊರತಂದ ಪುಸ್ತಕವದು. ಅದನ್ನು ಸಲಹೆಗಾಗಿ ಓದಬಾರದು, ಅದರ ಮುಂದೆ ಸುಮ್ಮನೆ ಕೂರಬೇಕು.

ಇನ್ನು ಪಾಡ್‌ಕಾಸ್ಟ್‌ಗಳು. ಇವುಗಳ ಬಲವೂ ದೌರ್ಬಲ್ಯವೂ ಒಂದೇ: ಕೈಗಳಿಗೆ ಬೇರೆ ಕೆಲಸವಿದ್ದಾಗಲೂ ಕೇಳಬಹುದು. ಒಂಟಿತನದ ದಿನಗಳಲ್ಲಿ ಕಿವಿಯ ಹತ್ತಿರ ಒಂದು ಶಾಂತ ದನಿ ಇರುವುದೇ ಉಪಕಾರ. ಆದರೆ ಕೇಳಿ ಮುಗಿದ ಕೂಡಲೇ ಏನೋ ಸಾಧಿಸಿದ ತೃಪ್ತಿ ಬಂದು, ಮಾಡಬೇಕಾದದ್ದು ಹಾಗೇ ಉಳಿದುಬಿಡುತ್ತದೆ. ಈ ಮರುಳನ್ನು ನನಗೆ ತೋರಿಸಿಕೊಟ್ಟದ್ದು ಕೂಡ ಪಾಡ್‌ಕಾಸ್ಟ್ ನಡೆಸುವ ಒಬ್ಬ ವಿದ್ವಾಂಸೆಯೇ. ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಪ್ರಾಧ್ಯಾಪಕಿ ಲಾರೀ ಸ್ಯಾಂಟೋಸ್ 2018ರಲ್ಲಿ ಸುಖದ ಕುರಿತು ಆರಂಭಿಸಿದ ಕೋರ್ಸಿಗೆ ಸುಮಾರು 1,200 ವಿದ್ಯಾರ್ಥಿಗಳು ಸೇರಿದರು. ಮರುವರ್ಷ ಅವರು ‘ದಿ ಹ್ಯಾಪಿನೆಸ್ ಲ್ಯಾಬ್’ ಪಾಡ್‌ಕಾಸ್ಟ್ ಶುರು ಮಾಡಿದರು. ತಿಳಿದುಕೊಂಡರೆ ಅರ್ಧ ಯುದ್ಧ ಗೆದ್ದಂತೆ ಎಂದು ‘ಜಿ.ಐ. ಜೋ’ ಎಂಬ ಮಕ್ಕಳ ಕಾರ್ಟೂನ್ ಹೇಳುತ್ತಿತ್ತು. ಹಾಗೆ ನಂಬುವುದನ್ನೇ ಸ್ಯಾಂಟೋಸ್ ಮತ್ತು ಯೇಲ್‌ನ ತತ್ತ್ವಶಾಸ್ತ್ರಜ್ಞೆ ತಮಾರ್ ಗೆಂಡ್ಲರ್ ‘ಜಿ.ಐ. ಜೋ ಭ್ರಮೆ’ ಎಂದು ಕರೆದಿದ್ದಾರೆ. ಎರಡು ವರ್ಷ ಒಂದೂವರೆ ಪಟ್ಟು ವೇಗದಲ್ಲಿ ಕೇಳಿದ್ದ ನನಗೆ ಆ ಹೆಸರು ಚುರುಕ್ಕೆಂದಿತು.

ಶಂಕರ್ ವೇದಾಂತಂ ಅವರ ‘ಹಿಡನ್ ಬ್ರೈನ್’ ನಮ್ಮ ನಡವಳಿಕೆಯ ಹಿಂದಿರುವ ಕಾಣದ ಕಾರಣಗಳನ್ನು ಸಂಶೋಧಕರ ಜೊತೆ ಸಾವಧಾನವಾಗಿ ಬಿಡಿಸುತ್ತದೆ. ಧ್ಯಾನದ ಬಗ್ಗೆ ಅನುಮಾನವಿರುವವರಿಗೆ ಡ್ಯಾನ್ ಹ್ಯಾರಿಸ್ ಆರಂಭಿಸಿದ ‘ಟೆನ್ ಪರ್ಸೆಂಟ್ ಹ್ಯಾಪಿಯರ್’ ಒಳ್ಳೆಯದು. 2004ರಲ್ಲಿ ಅಮೆರಿಕದ ಟಿ.ವಿ.ಯ ನೇರ ಪ್ರಸಾರದಲ್ಲಿ ಸುದ್ದಿ ಓದುತ್ತಿರುವಾಗಲೇ ಅವರಿಗೆ ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದಂತೆ ಆವರಿಸುವ ತೀವ್ರ ಭಯ, ಆಗಿತ್ತು. ಅನುಭವಿಸಿದವರ ವಿನಯ ಅವರ ಮಾತಿನಲ್ಲಿದೆ. ಬ್ರಿಟನ್ನಿನ ವೈದ್ಯ ರಂಗನ್ ಚಟರ್ಜಿ ಅವರ ‘ಫೀಲ್ ಬೆಟರ್, ಲಿವ್ ಮೋರ್’ನ ಸಂಚಿಕೆಗಳು ದೀರ್ಘವಾಗಿರುತ್ತವೆ, ಆದ್ದರಿಂದ ನಾನು ಅತಿಥಿ ಯಾರೆಂದು ನೋಡಿ ಆರಿಸಿಕೊಳ್ಳುತ್ತೇನೆ. ಯಾವ ಆರೋಗ್ಯ ಪಾಡ್‌ಕಾಸ್ಟೇ ಆಗಲಿ, ಒಂದು ವಿಷಯದ ತಜ್ಞರು ಎಲ್ಲ ವಿಷಯಗಳ ಬಗ್ಗೆಯೂ ಅಪ್ಪಣೆ ಕೊಡಿಸತೊಡಗಿದರೆ, ಅಥವಾ ಮಾತಿನ ನಡುವೆ ಪೌಷ್ಟಿಕ ಮಾತ್ರೆಗಳ ಜಾಹೀರಾತು ಬಂದು ಅದೇ ಮಾತ್ರೆಗಳ ಹೊಗಳಿಕೆ ಮುಂದುವರಿದರೆ, ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಈಗ ವಾರಕ್ಕೆ ಒಂದೇ ಸಂಚಿಕೆ, ಮಾಮೂಲಿ ವೇಗದಲ್ಲಿ, ನಡೆಯುತ್ತಾ ಕೇಳುತ್ತೇನೆ. ಮನೆಗೆ ಬಂದು ಅದರಿಂದ ಈ ವಾರ ಮಾಡಿ ನೋಡಬಹುದಾದ ಒಂದು ಸಂಗತಿಯನ್ನು ಬರೆದಿಡುತ್ತೇನೆ. ಬರೆಯಲು ಏನೂ ಸಿಗದ ವಾರಗಳೂ ಇವೆ.

ಇತ್ತೀಚೆಗೆ ಓದಿದ್ದು ರಾಬರ್ಟ್ ವಾಲ್ಡಿಂಗರ್ ಮತ್ತು ಮಾರ್ಕ್ ಶುಲ್ಟ್ಸ್ ಅವರ ‘ದಿ ಗುಡ್ ಲೈಫ್’, 2023ರದ್ದು. ಹಾರ್ವರ್ಡ್‌ನಲ್ಲಿ 1938ರಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿರುವ ಅಧ್ಯಯನವೊಂದರ ಕಥೆ ಅದು. 268 ಕಾಲೇಜು ವಿದ್ಯಾರ್ಥಿಗಳು ಮತ್ತು ಬೋಸ್ಟನ್ನಿನ ಬಡ ಬಡಾವಣೆಗಳ 456 ಹುಡುಗರ ಬದುಕನ್ನು ಮುಪ್ಪಿನವರೆಗೂ ಹಿಂಬಾಲಿಸಿದಾಗ, ಮುಂದಿನ ಆರೋಗ್ಯ ಮತ್ತು ಸಂತೋಷಗಳ ಸುಳಿವು ಹೆಚ್ಚಾಗಿ ಸಿಕ್ಕಿದ್ದು ಸಂಬಂಧಗಳ ಬೆಚ್ಚನೆಯಲ್ಲಿ. ಆರಂಭದಲ್ಲಿ ಆರಿಸಿದವರೆಲ್ಲರೂ ಬಿಳಿಯ ಗಂಡಸರು ಎಂಬ ಕೊರತೆಯನ್ನು ನೆನಪಿಟ್ಟುಕೊಂಡೇ ಓದಬೇಕು. ಪುಸ್ತಕ ಒಂದು ಚಿತ್ರ ಬರೆಯಲು ಹೇಳುತ್ತದೆ: ನಮ್ಮ ಬದುಕಿನಲ್ಲಿರುವವರ ಹೆಸರುಗಳನ್ನು, ಅವರ ಒಡನಾಟ ಚೈತನ್ಯ ಕೊಡುತ್ತದೆಯೋ ಹೀರುತ್ತದೆಯೋ ಮತ್ತು ಅದು ಎಷ್ಟು ಸಲ ಒದಗುತ್ತದೆ ಎಂಬ ಎರಡು ಗೆರೆಗಳ ಮೇಲೆ ಗುರುತಿಸಬೇಕು. ನನ್ನ ಹಾಳೆಯಲ್ಲಿ ಚೈತನ್ಯದ ತುತ್ತತುದಿಯಲ್ಲಿದ್ದ ಹೆಸರು ನನ್ನ ಕಾಲೇಜಿನ ಗೆಳತಿಯದು, ಮತ್ತು ನಾವು ಮಾತಾಡಿ ಹದಿನಾಲ್ಕು ತಿಂಗಳಾಗಿತ್ತು. ಹಾಳೆಯನ್ನು ಮಡಿಸುವ ಮೊದಲೇ ಅವಳಿಗೆ ಫೋನ್ ಮಾಡಿದೆ. ‘ಏನೇ, ಎಲ್ಲಾ ಸರಿ ಇದೆ ತಾನೆ?’ ಎಂದು ಅವಳು ಗಾಬರಿಯಿಂದ ಕೇಳಿದಳು. ಈಗ ಪ್ರತಿ ಭಾನುವಾರ ಬೆಳಿಗ್ಗೆ ಮಾತಾಡುತ್ತೇವೆ. ಕಳೆದ ವಾರ ಅವಳಿಗೂ ಮೂರು ಅಂಕಣಗಳ ಹಾಳೆಯನ್ನು ಬಿಡಿಸಿ ತೋರಿಸಿದೆ.