ಕಾರಾಪುರದ ಸಾಬು ಮತ್ತು ಬಾಂದ್ರಾದ ಸ್ಟುಡಿಯೊ

ಬಾಂದ್ರಾದ ಹಿಲ್ ರೋಡಿನಲ್ಲಿ ಮೆಹಬೂಬ್ ಸ್ಟುಡಿಯೊ ಹತ್ತಿರ ಬಸ್ಸು ನಿಧಾನಿಸಿದಾಗಲೆಲ್ಲ ನನಗೆ ಸಾಬು ನೆನಪಾಗುತ್ತಾನೆ. ಮುಂಬಯಿಯ ಕನ್ನಡಿಗರು ಪರಿಚಯವಾದ ಕೂಡಲೇ ಊರು ಯಾವುದೆಂದು ಕೇಳುತ್ತಾರೆ. ಉಡುಪಿಯೋ, ಕುಂದಾಪುರವೋ, ವಿಜಯಪುರವೋ ಎಂಬ ಉತ್ತರಕ್ಕೆ ಸಿದ್ಧರಾಗಿರುವ ಅವರಿಗೆ ನಾನು ಹೆಗ್ಗಡದೇವನಕೋಟೆ ಎಂದಾಗ ಮುಂದೆ ಏನು ಕೇಳಬೇಕೆಂದು ತೋಚುವುದಿಲ್ಲ. ಹಾಗಾಗಿ ಇತ್ತೀಚೆಗೆ ನಾನೇ ಮುಂದುವರಿದು, ಹಾಲಿವುಡ್ಡಿನ ತಾರೆ ಸಾಬು ಹುಟ್ಟಿದ ತಾಲ್ಲೂಕು ಎಂದು ಹೇಳಿಬಿಡುತ್ತೇನೆ. ಬಹಳ ಮಂದಿಗೆ ಆ ಹೆಸರೂ ಗೊತ್ತಿರುವುದಿಲ್ಲ ಎಂಬುದು ಬೇರೆ ಮಾತು. ಅವನನ್ನು ಏಕವಚನದಲ್ಲಿ ಕರೆಯುತ್ತಿರುವುದು ಊರಿನ ಸಲಿಗೆಯಿಂದ. ಓದುವವರು ಅಗೌರವವೆಂದು ಭಾವಿಸಬಾರದು.

ಸಾಬು ಹುಟ್ಟಿದ್ದು 1924ರ ಜನವರಿ 27ರಂದು, ಕಬಿನಿ ದಂಡೆಯ ಕಾರಾಪುರದಲ್ಲಿ. ತಂದೆ ಮೈಸೂರು ಮಹಾರಾಜರ ಆನೆಗಳನ್ನು ನೋಡಿಕೊಳ್ಳುತ್ತಿದ್ದ ಮಾವುತ. ಕಾಡಾನೆಗಳನ್ನು ಅಟ್ಟಿ ಹಿಡಿಯುವ ಕಾಕನಕೋಟೆಯ ಖೆಡ್ಡಾ ಪ್ರಸಿದ್ಧವಾಗಿದ್ದ ಆ ಕಾಲದಲ್ಲಿ, ಹಿಡಿದ ಆನೆಗಳನ್ನು ಪಳಗಿಸುವ ಮಾವುತರ, ಕಾವಾಡಿಗಳ ಕುಟುಂಬಗಳಿಗೆ ಕಾಡಿನಂಚೇ ಮನೆಯಾಗಿತ್ತು. ಎಳೆಯ ವಯಸ್ಸಿನಲ್ಲೇ ತಂದೆ ತಾಯಿಯರನ್ನು ಕಳೆದುಕೊಂಡ ಹುಡುಗನನ್ನು ಅರಮನೆಯ ಆನೆ ಲಾಯವೇ ಪೊರೆಯಿತು. ಸಿನಿಮಾ ಅವನನ್ನು ಹುಡುಕಿಕೊಂಡು ಬಂದದ್ದೂ ಆ ಲಾಯಕ್ಕೇ. ಕಿಪ್ಲಿಂಗನ ಕಥೆಯೊಂದನ್ನು ಚಿತ್ರವಾಗಿಸಲು 1935ರಲ್ಲಿ ಮೈಸೂರಿಗೆ ಬಂದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯ ತಂಡಕ್ಕೆ ಆನೆಗೆ ಹೆದರದ ಹುಡುಗನೊಬ್ಬ ಬೇಕಾಗಿದ್ದ. ಛಾಯಾಗ್ರಾಹಕ ಆಸ್ಮಂಡ್ ಬೊರಡೇಲನ ಕಣ್ಣಿಗೆ ಸಾಬು ಬಿದ್ದ. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಹಣ ಹೂಡಿದ್ದ ಆ ಚಿತ್ರ 'ಎಲಿಫೆಂಟ್ ಬಾಯ್' ಎಂಬ ಹೆಸರಿನಲ್ಲಿ 1937ರಲ್ಲಿ ತೆರೆಕಂಡು, ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕೆ ಪ್ರಶಸ್ತಿ ಗಳಿಸಿತು.

ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದ ನನ್ನ ಸೋದರಮಾವ ಹಿಂದಿನ ವರ್ಷ ಮುಂಬಯಿಗೆ ಬಂದಿದ್ದಾಗ ಈ ಚಿತ್ರವನ್ನು ಮೊಬೈಲಿನಲ್ಲಿ ಅವರಿಗೆ ತೋರಿಸಿದೆ. ಮಾತು ಅರ್ಥವಾಗದಿದ್ದರೂ ಅವರು ಕನ್ನಡಕವನ್ನು ಹಣೆಗೇರಿಸಿ, ಪರದೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಹುಡುಗ ಆನೆಯ ಕತ್ತಿನ ಮೇಲೆ ಕುಳಿತ ದೃಶ್ಯದಲ್ಲಿ ತಡೆದು, "ಅವನ ಕಾಲು ನೋಡಪ್ಪ, ಕಿವಿ ಹಿಂದೆ ಹೆಬ್ಬೆರಳು ಹೆಂಗೆ ಒತ್ತುತಾ ಅವ್ನೆ, ಇದನ್ನ ಯಾವ ಡೈರೆಕ್ಟರೂ ಹೇಳ್ಕೊಟ್ಟಿರಲ್ಲ" ಎಂದರು. ಅದಕ್ಕೂ ಮೊದಲು ಆ ಚಿತ್ರವನ್ನು ಎರಡು ಸಲ ನೋಡಿದ್ದರೂ ನಾನು ಅವನ ಮುಖವನ್ನಷ್ಟೇ ಗಮನಿಸಿದ್ದೆ.

ಚಿತ್ರದ ಉಳಿದ ಕೆಲಸಕ್ಕಾಗಿ ಅವನನ್ನು ಅಣ್ಣನ ಜೊತೆ ಇಂಗ್ಲೆಂಡಿಗೆ ಕರೆದೊಯ್ದರು. ಅಣ್ಣನ ಹೆಸರು ಶೇಖ್ ದಸ್ತಗೀರ್. ಆ ದಸ್ತಗೀರ್ ಎಂಬುದು ತಮ್ಮನ ಹೆಸರಿಗೂ ಅಂಟಿಕೊಂಡು ಇಂದಿಗೂ ಪುಸ್ತಕಗಳಲ್ಲಿ 'ಸಾಬು ದಸ್ತಗೀರ್' ಎಂದೇ ಅಚ್ಚಾಗುತ್ತಿದೆ. ಅಲ್ಲಿ ಅವನು ನಟಿಸಿದ ಎರಡನೆಯ ಚಿತ್ರ 'ದಿ ಡ್ರಮ್' ವಾಯವ್ಯ ಗಡಿನಾಡಿನಲ್ಲಿ ಬ್ರಿಟಿಷರ ಪರವಾಗಿ ನಿಲ್ಲುವ ರಾಜಕುಮಾರನ ಕಥೆಯಾದ್ದರಿಂದ, 1938ರಲ್ಲಿ ಬೊಂಬಾಯಿಯಲ್ಲಿ ಪ್ರದರ್ಶನಗೊಂಡಾಗ ಜನ ಬೀದಿಗಿಳಿದು ಪ್ರತಿಭಟಿಸಿದರು, ಚಿತ್ರವನ್ನು ಹಿಂತೆಗೆದುಕೊಳ್ಳಬೇಕಾಯಿತು. ಪ್ರತಿಭಟನೆ ನ್ಯಾಯವಾದದ್ದೇ. ಆದರೆ ಹದಿನಾಲ್ಕು ವರ್ಷದ ಹುಡುಗನಿಗೆ ಈ ಊರಿನೊಂದಿಗೆ ಸಿನಿಮಾದ ಮೂಲಕ ಆದ ಮೊದಲ ಸಂಬಂಧ ಇಂಥದ್ದಾಯಿತಲ್ಲ ಎಂದು ನನಗೆ ಕಸಿವಿಸಿಯಾಗುತ್ತದೆ.

ಅವನನ್ನು ಹಾಲಿವುಡ್ಡಿಗೆ ತಲುಪಿಸಿದ್ದು ಯುದ್ಧ. 'ದಿ ಥೀಫ್ ಆಫ್ ಬಗ್ದಾದ್' ಚಿತ್ರೀಕರಣದ ನಡುವೆಯೇ 1939ರಲ್ಲಿ ಯುದ್ಧ ಆರಂಭವಾದ್ದರಿಂದ ಕೋರ್ಡಾ ಉಳಿದ ಭಾಗವನ್ನು ಅಮೆರಿಕದಲ್ಲಿ ಮುಗಿಸಿದ. ಕಡಲ ದಂಡೆಯಲ್ಲಿ ಸಿಕ್ಕ ಶೀಸೆಯಿಂದ ಹೊರಬಂದ ದೈತ್ಯ ತನ್ನನ್ನು ಕೊಲ್ಲಲು ಹೊರಟಾಗ, ಇಷ್ಟು ದೊಡ್ಡವನು ಇಷ್ಟು ಸಣ್ಣ ಶೀಸೆಯಲ್ಲಿದ್ದೆ ಎಂದರೆ ಯಾರು ನಂಬುತ್ತಾರೆಂದು ಕೆಣಕಿ ಅವನನ್ನು ಮತ್ತೆ ಒಳಗೆ ಸೇರಿಸುವ ಕಳ್ಳ ಹುಡುಗನ ಪಾತ್ರ ಸಾಬುವಿನದು. ಕಣ್ಣಿನ ಮೂಲೆಯಲ್ಲಿ ತುಂಟತನ ಇಣುಕುವ ಆ ಒಂದು ದೃಶ್ಯಕ್ಕಾಗಿಯೇ ನಾನು ಅವನನ್ನು ದೊಡ್ಡ ನಟನೆಂದು ಒಪ್ಪುತ್ತೇನೆ. 1940ರಲ್ಲಿ ಬಿಡುಗಡೆಯಾದ ಆ ಚಿತ್ರಕ್ಕೆ ಮೂರು ಆಸ್ಕರ್ ಬಂದವು. 1942ರಲ್ಲಿ 'ಜಂಗಲ್ ಬುಕ್' ಚಿತ್ರದ ಮೋಗ್ಲಿಯಾದ. ಅನಂತರ ಯೂನಿವರ್ಸಲ್ ಸಂಸ್ಥೆಯ ಕರಾರಿನಲ್ಲಿ 'ಅರೇಬಿಯನ್ ನೈಟ್ಸ್', 'ಕೋಬ್ರಾ ವುಮನ್' ಮೊದಲಾದ ಬಣ್ಣದ ಚಿತ್ರಗಳು ಬಂದವು. ಅವುಗಳಲ್ಲಿ ಪ್ರೇಮಿಸುವವನು ಜಾನ್ ಹಾಲ್, ಪ್ರೇಯಸಿ ಮರಿಯಾ ಮಾಂಟೆಜ್, ಪಕ್ಕದಲ್ಲಿ ನೆಗೆದಾಡುತ್ತ ಅವರಿಗೆ ನೆರವಾಗುವವನು ಸಾಬು. ಮೀಸೆ ಚಿಗುರುವ ವಯಸ್ಸು ದಾಟಿದರೂ ಅವನನ್ನು ಹುಡುಗನಾಗಿಯೇ ಇರಿಸಿಕೊಂಡರು.

1944ರಲ್ಲಿ ಅಮೆರಿಕದ ಪೌರತ್ವ ಪಡೆದು ಸೇನೆಯ ವಾಯುಪಡೆಗೆ ಸೇರಿದ ಸಾಬು, ಪೆಸಿಫಿಕ್ ರಣರಂಗದಲ್ಲಿ ಬಿ-24 ಬಾಂಬರ್ ವಿಮಾನದ ಗನ್ನರ್ ಆಗಿ ಹಾರಿ, ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದ. ತೆರೆಯ ಮೇಲೆ ಅವನಿಗೆ ಸಿಗುವ ಪಾತ್ರವನ್ನು ಇದು ಕಿಂಚಿತ್ತೂ ಬದಲಿಸಲಿಲ್ಲ. ಒಳ್ಳೆಯ ಅವಕಾಶವೊಂದು ಸಿಕ್ಕಿದ್ದು ಇಂಗ್ಲೆಂಡಿನಲ್ಲಿ: 1947ರ 'ಬ್ಲ್ಯಾಕ್ ನಾರ್ಸಿಸಸ್'. ಪೈನ್‌ವುಡ್ ಸ್ಟುಡಿಯೊದಲ್ಲಿ ಗಾಜಿನ ಮೇಲೆ ಹಿಮಾಲಯವನ್ನು ಬರೆದು ತೆಗೆದ ಆ ಚಿತ್ರದಲ್ಲಿ, ರತ್ನಾಭರಣ ತೊಟ್ಟು ಸನ್ಯಾಸಿನಿಯರ ಬಳಿ ಪಾಠಕ್ಕೆ ಬರುವ ಯುವ ಜನರಲ್ ಅವನೇ, ಚಿತ್ರಕ್ಕೆ ಹೆಸರಾದ ಅತ್ತರು ಪೂಸಿಕೊಂಡ ಕರವಸ್ತ್ರವೂ ಅವನದೇ. 1948ರಲ್ಲಿ ನಟಿ ಮರಿಲಿನ್ ಕೂಪರಳನ್ನು ಮದುವೆಯಾಗಿ ಇಬ್ಬರು ಮಕ್ಕಳ ತಂದೆಯಾದ. ಅಲ್ಲಿಂದಾಚೆಗೆ ಪಾತ್ರಗಳು ಸಣ್ಣದಾದವು. ಲಂಡನ್ನಿನ ಸರ್ಕಸ್ಸಿನಲ್ಲಿ ಆನೆಗಳೊಂದಿಗೆ ಕಾಣಿಸಿಕೊಂಡದ್ದೂ ಉಂಟು.

ಬಾಂದ್ರಾ ಅವನ ಬದುಕಿನೊಳಗೆ ಬರುವುದು ಈ ಘಟ್ಟದಲ್ಲಿ. 'ಮದರ್ ಇಂಡಿಯಾ' ಚಿತ್ರದ ಸಿದ್ಧತೆಯಲ್ಲಿದ್ದ, ಮೆಹಬೂಬ್ ಸ್ಟುಡಿಯೊ ಕಟ್ಟಿಸಿದ ನಿರ್ದೇಶಕ ಮೆಹಬೂಬ್ ಖಾನ್, ತಾಯಿಯ ಗುಂಡಿಗೆ ಬಲಿಯಾಗುವ ದಂಗೆಕೋರ ಮಗ ಬಿರ್ಜುವಿನ ಪಾತ್ರಕ್ಕೆ ಸಾಬುವನ್ನು ಆರಿಸಿ ಅಮೆರಿಕದಿಂದ ಕರೆಸಿಕೊಂಡರು. ಅವನು ಬಂದು ಹೋಟೆಲಿನಲ್ಲಿ ಕಾದ. ಚಿತ್ರ ಆರಂಭವಾಗುವುದು ತಡವಾಯಿತು. ಅಮೆರಿಕದ ಪ್ರಜೆಯಾದ್ದರಿಂದ ಇಲ್ಲಿ ದುಡಿಯಲು ಬೇಕಾದ ಪರವಾನಗಿಯ ತೊಡಕು ಬಿಡಿಸಲಾಗಲಿಲ್ಲ. ಕೊನೆಗೆ ಪಾತ್ರ ಸುನಿಲ್ ದತ್ತರ ಪಾಲಾಯಿತು, ಮತ್ತು ಆ ಚಿತ್ರದಿಂದ ನರ್ಗಿಸ್–ಸುನಿಲ್ ದತ್ತರ ದಾಂಪತ್ಯವೂ ಹುಟ್ಟಿತು. ದತ್ತರ ಬಿರ್ಜುವನ್ನು ಕಡಿಮೆ ಎಂದು ನಾನು ಹೇಳುವುದಿಲ್ಲ. ಆದರೂ ವಿದೇಶದಲ್ಲಿ ಜೀವನವಿಡೀ 'ಇಂಡಿಯಾದವನು' ಎಂಬ ಒಂದೇ ಗುರುತಿನ ಮೇಲೆ ದುಡಿದವನನ್ನು ಇಂಡಿಯಾದ ಕಾಗದಪತ್ರಗಳು ಪರದೇಶಿಯೆಂದು ಎಣಿಸಿದ ಸಂಗತಿ, ನಾಲ್ಕು ದಶಕ ಈ ಊರಿನಲ್ಲಿ ರೇಷನ್ ಕಾರ್ಡು, ವಿಳಾಸದ ದಾಖಲೆ ಎಂದು ಕೌಂಟರಿನಿಂದ ಕೌಂಟರಿಗೆ ಅಲೆದಿರುವ ನನ್ನಂಥವನಿಗೆ ಬೇಗ ಅರಗುವಂಥದ್ದಲ್ಲ.

'ಮದರ್ ಇಂಡಿಯಾ' 1957ರ ಅಕ್ಟೋಬರಿನಲ್ಲಿ ಬಿಡುಗಡೆಯಾಯಿತು. ಅದೇ ವರ್ಷ ಅಮೆರಿಕದಲ್ಲಿ, ಟೆಲಿವಿಷನ್ನಿಗೆಂದು ತೆಗೆದಿದ್ದ ಎರಡು ಕಂತುಗಳನ್ನು ಜೋಡಿಸಿ 'ಸಾಬು ಅಂಡ್ ದಿ ಮ್ಯಾಜಿಕ್ ರಿಂಗ್' ಎಂಬ ಚಿತ್ರವನ್ನು ಹೊರತಂದರು. ಮೂವತ್ಮೂರು ವರ್ಷದ ಸಾಬು ಅದರಲ್ಲಿ ಮತ್ತೆ ಲಾಯದ ಹುಡುಗ. ಭಾರತೀಯ ಚಿತ್ರವೊಂದರಲ್ಲಿ ಅವನು ಕೊನೆಗೂ ನಟಿಸಲಿಲ್ಲ. 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ ಮೂವತ್ತೊಂಬತ್ತು ವರ್ಷ. ಡಿಸ್ನಿ ಸಂಸ್ಥೆಗಾಗಿ ಅವನು ಮುಗಿಸಿಕೊಟ್ಟಿದ್ದ 'ಎ ಟೈಗರ್ ವಾಕ್ಸ್' ಮರುವರ್ಷ ತೆರೆಗೆ ಬಂತು; ಅದರಲ್ಲಿ ಅವನದು ಹುಲಿ ಪಳಗಿಸುವ ರಾಮ್ ಸಿಂಗನ ಪಾತ್ರ.