ಗ್ಲೆನ್ ನೋಲ್ ಮೇಷ್ಟ್ರ ಲೆಕ್ಕ

ನಮ್ಮ ಕಾಲೇಜಿನ ಎಂ.ಎಸ್ಸಿ. ಲ್ಯಾಬಿನಲ್ಲಿ ಜಿ.ಎಂ. ಕೌಂಟರ್ (ವಿಕಿರಣದ ಕಣಗಳನ್ನು ಎಣಿಸುವ ಗೈಗರ್-ಮುಲ್ಲರ್ ಉಪಕರಣ) ಮುಂದೆ ಕೂತವರಿಗೆ ‘ರೇಡಿಯೇಷನ್ ಡಿಟೆಕ್ಷನ್ ಅಂಡ್ ಮೆಷರ್‌ಮೆಂಟ್’ ಎಂಬ ದಪ್ಪ ಪುಸ್ತಕದ ಪರಿಚಯ ಇದ್ದೇ ಇರುತ್ತದೆ. ಅದನ್ನು ಬರೆದ ಗ್ಲೆನ್ ನೋಲ್ ಅಮೆರಿಕದ ಆನ್ ಆರ್ಬರ್‌ನಲ್ಲಿರುವ ಮಿಷಿಗನ್ ವಿಶ್ವವಿದ್ಯಾಲಯದ ನ್ಯೂಕ್ಲಿಯರ್ ಎಂಜಿನಿಯರಿಂಗ್ ವಿಭಾಗದಲ್ಲಿ ದಶಕಗಳ ಕಾಲ ಪಾಠ ಮಾಡಿದವರು; 1979ರಿಂದ 1990ರವರೆಗೆ ಅದರ ಮುಖ್ಯಸ್ಥರಾಗಿದ್ದವರು. 2014ರಲ್ಲಿ ತೀರಿಕೊಂಡರು. ಇಲ್ಲಿ ಓದಿ ಅಲ್ಲಿ ಅವರ ಬಳಿ ಕಲಿತವನೆಂಬ ಕಾರಣಕ್ಕೆ ಈ ಬರಹ ನನ್ನ ಪಾಲಿಗೆ ಬಂದಿದೆ. ಗೌರವ, ಪ್ರಶಸ್ತಿಗಳ ಪಟ್ಟಿ ಬೇರೆಡೆ ಸಿಗುತ್ತದೆ. ಅವರು ಅಳತೆಯನ್ನು ಹೇಗೆ ನೋಡುತ್ತಿದ್ದರು ಎಂಬುದನ್ನು ಲ್ಯಾಬಿನ ಮೇಜಿನ ಮೇಲಿಟ್ಟೇ ಹೇಳುವುದು ಮೇಲು.

ನಮ್ಮ ಪಠ್ಯಕ್ರಮದಲ್ಲಿ ಮೊದಲು ಎದುರಾಗುವ ಜಿ.ಎಂ. ಟ್ಯೂಬ್ ಅವರ ಪುಸ್ತಕದಲ್ಲಿ ಬರುವುದು ಏಳನೇ ಅಧ್ಯಾಯದಲ್ಲಿ. ವಿಕಿರಣದ ಮೂಲಗಳು, ವಿಕಿರಣ ವಸ್ತುವಿನೊಳಗೆ ಹೊಕ್ಕಾಗ ಏನಾಗುತ್ತದೆ, ಆಮೇಲೆ ಎಣಿಕೆಯ ಸಂಖ್ಯಾಶಾಸ್ತ್ರ, ಆಮೇಲೆ ವಿಕಿರಣ ಪತ್ತೆ ಮಾಡುವ ಎಲ್ಲ ಡಿಟೆಕ್ಟರ್‌ಗಳಿಗೂ ಸಮನಾದ ಗುಣಗಳು. ಇಷ್ಟಾದ ಮೇಲೆಯೇ ಮೊದಲ ಡಿಟೆಕ್ಟರ್. ಉಪಕರಣಕ್ಕಿಂತ ದೋಷದ ಲೆಕ್ಕ ಮುಂಚೆ! ಈ ಕ್ರಮ ಬೇಸರದ್ದೆಂದು ಅಧ್ಯಾಯ ಹಾರಿಸುವವರಿದ್ದಾರೆ. ಹಾರಿಸಿದವರು ಸಿಕ್ಕಿಬೀಳುವುದು ಡೆಡ್ ಟೈಮ್ ಪ್ರಯೋಗದಲ್ಲಿ.

ಜಿ.ಎಂ. ಟ್ಯೂಬ್ ಒಂದು ಕಣವನ್ನು ಎಣಿಸಿದ ಮೇಲೆ ಸುಮಾರು 100 ಮೈಕ್ರೋಸೆಕೆಂಡ್ ಕುರುಡಾಗಿರುತ್ತದೆ; ಇದೇ ಡೆಡ್ ಟೈಮ್. ಆನೋಡ್ ತಂತಿಯ ಸುತ್ತ ನೆರೆದ ಧನ ಅಯಾನುಗಳು ಹೊರಕ್ಕೆ ಸರಿಯುವ ತನಕ ಅಲ್ಲಿನ ವಿದ್ಯುತ್ ಕ್ಷೇತ್ರ ಚೇತರಿಸಿಕೊಳ್ಳುವುದಿಲ್ಲ. ಸರಳ ಮಾದರಿಯಲ್ಲಿ, ಅಳೆದ ದರವನ್ನು (1 − ಅಳೆದ ದರ × ಡೆಡ್ ಟೈಮ್) ಇಂದ ಭಾಗಿಸಿದರೆ ನಿಜವಾದ ದರ ಸಿಗುತ್ತದೆ. ಸೆಕೆಂಡಿಗೆ 2,000 ಎಣಿಕೆ ಕಂಡರೆ ನಿಜಕ್ಕೂ ಬಂದದ್ದು 2,500. ಆದರೆ ಕುರುಡಾಗಿದ್ದಾಗ ಬಂದ ಕಣವೂ ಆ ಅವಧಿಯನ್ನು ಹಿಗ್ಗಿಸುವ ಇನ್ನೊಂದು ಮಾದರಿಯಿದೆ. ಅದರ ಪ್ರಕಾರ ನಿಜವಾದ ದರ ಸೆಕೆಂಡಿಗೆ 10,000 ಆದಾಗ ಎಣಿಕೆ ಸುಮಾರು 3,680ಕ್ಕೆ ಏರಿ ನಿಲ್ಲುತ್ತದೆ. ಆಕರವನ್ನು, ಅಂದರೆ ವಿಕಿರಣ ಸೂಸುವ ವಸ್ತುವನ್ನು, ಇನ್ನೂ ಹತ್ತಿರ ತಂದರೆ ಎಣಿಕೆ ಇಳಿಯುತ್ತದೆ. ವಿಕಿರಣ ಅಳೆಯುವ ಸರ್ವೆ ಮೀಟರ್ ಹಿಡಿದು ಹೋಗುವವರಿಗೆ ಇದು ಪ್ರಾಣದ ಪ್ರಶ್ನೆ: ಮುಳ್ಳು ಕೆಳಗಿದೆ ಎಂದ ಮಾತ್ರಕ್ಕೆ ವಿಕಿರಣ ಕಡಿಮೆಯಿದೆ ಎಂದಲ್ಲ. ನಿಜದ ಟ್ಯೂಬ್ ಈ ಎರಡು ಮಾದರಿಗಳ ನಡುವೆ ಎಲ್ಲೋ ಇರುತ್ತದೆ. ಹಾಗಾಗಿ ನಷ್ಟ 30–40% ದಾಟಿದರೆ ಸೂತ್ರವನ್ನು ನಂಬಬೇಡಿ, ಆಕರವನ್ನು ದೂರ ಸರಿಸಿ.

ಎರಡು ಆಕರಗಳ ವಿಧಾನದಲ್ಲಿ ಡೆಡ್ ಟೈಮ್ ಅಳೆಯುವಾಗ ಏನು ಕೆಡುತ್ತದೆ ನೋಡಿ. ನಿಜವಾದ ದರ ತಲಾ ಸೆಕೆಂಡಿಗೆ 1,500 ಇರುವ ಎರಡು ಆಕರಗಳಿದ್ದರೆ ಒಂಟಿಯಾಗಿ 1,304, ಜೋಡಿಯಾಗಿ 2,308 ಕಾಣುತ್ತದೆ. ನಮಗೆ ಬೇಕಾದದ್ದು ಒಂಟಿ ಎಣಿಕೆಗಳ ಮೊತ್ತಕ್ಕೂ ಜೋಡಿ ಎಣಿಕೆಗೂ ಇರುವ ವ್ಯತ್ಯಾಸ, ಅಂದರೆ ಸುಮಾರು 300. ಹತ್ತು ಸೆಕೆಂಡ್ ಎಣಿಸಿದರೆ ಈ ವ್ಯತ್ಯಾಸದ ಮೇಲೆ 7% ಅನಿಶ್ಚಿತತೆ. ನೂರು ಸೆಕೆಂಡ್ ಎಣಿಸಿದರೆ 2.3%. ಅದಕ್ಕಿಂತ ದೊಡ್ಡ ಶತ್ರು ಕೈ. ಟ್ಯೂಬಿನಿಂದ 5 ಸೆಂ.ಮೀ. ದೂರದಲ್ಲಿರುವ ಆಕರ ಎರಡನೆಯದನ್ನು ಇಡುವಾಗ 1 ಮಿ.ಮೀ. ಸರಿದರೂ ಅದರ ದರ 4% ಬದಲಾಗುತ್ತದೆ. ಆ 300ರಲ್ಲಿ ಸುಮಾರು 12% ಅಲ್ಲಿಗೆ ಹೋಯಿತು. ಆದ್ದರಿಂದ ಕ್ರಮ ಹೀಗೆ: ಮೊದಲನೆಯದನ್ನು ಎಣಿಸಿ, ಅದನ್ನು ಮುಟ್ಟದೆ ಎರಡನೆಯದನ್ನು ಸೇರಿಸಿ ಎಣಿಸಿ, ಎರಡನೆಯದು ಕದಲದಂತೆ ಮೊದಲನೆಯದನ್ನು ತೆಗೆದು ಎಣಿಸಿ. ಖಾಲಿಯಾದ ಜಾಗದಲ್ಲಿ ಅದೇ ಆಕಾರದ ವಿಕಿರಣವಿಲ್ಲದ ಡಮ್ಮಿ ಇಡಿ. ಇಲ್ಲದಿದ್ದರೆ ಚದುರಿ ಬರುವ ವಿಕಿರಣ ಬದಲಾಗುತ್ತದೆ. ಕೆಲವು ಲ್ಯಾಬ್ ಕೈಪಿಡಿಗಳು ಡಮ್ಮಿಯ ಮಾತನ್ನು ಬಿಟ್ಟೇಬಿಡುತ್ತವೆ.

ದೋಷದ ಲೆಕ್ಕದಲ್ಲಿನ ಇದೇ ಜಿಪುಣತನ ನೋಲ್ ಅವರ ಸಂಶೋಧನೆಯಲ್ಲೂ. 1970ರ ದಶಕದಲ್ಲಿ ಡೇವಿಡ್ ಗಿಲಿಯಮ್ ಜೊತೆಗೂಡಿ ಯುರೇನಿಯಂ-235ರ ವಿದಳನ ಕ್ರಾಸ್ ಸೆಕ್ಷನ್ (ನ್ಯೂಟ್ರಾನ್ ಬಡಿದಾಗ ಬೀಜಕೇಂದ್ರ ಒಡೆಯುವ ಸಾಧ್ಯತೆಯ ಅಳತೆ) ಅಳೆದರು. ಬೇರೆ ಎಷ್ಟೋ ನ್ಯೂಟ್ರಾನ್ ಅಳತೆಗಳಿಗೆ ಇದೇ ಮಾನದಂಡವಾದ್ದರಿಂದ ಇಲ್ಲಿನ ತಪ್ಪು ಎಲ್ಲೆಡೆಗೂ ಹರಡುತ್ತದೆ. ಕಣ ವೇಗವರ್ಧಕ ಬಿಟ್ಟು ಅವರು ಆರಿಸಿಕೊಂಡದ್ದು ಫೋಟೋನ್ಯೂಟ್ರಾನ್ ಆಕರಗಳನ್ನು, ಅಂದರೆ ಗಾಮಾ ಕಿರಣ ಬಡಿದು ನ್ಯೂಟ್ರಾನ್ ಹೊರಬೀಳಿಸುವ ಆಕರಗಳನ್ನು. ಸೋಡಿಯಂ-24ರ 2.754 ಎಂ.ಇ.ವಿ. (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಗಾಮಾ ಬೆರಿಲಿಯಂಗೆ ಬಡಿದರೆ, 1.665 ಎಂ.ಇ.ವಿ. ಬಂಧನಕ್ಕೆ ಕಳೆದು ಉಳಿದದ್ದರಲ್ಲಿ ಒಂಬತ್ತರಲ್ಲಿ ಎಂಟು ಪಾಲು ನ್ಯೂಟ್ರಾನಿಗೆ ದಕ್ಕುತ್ತದೆ: ಸುಮಾರು 964 ಕೆ.ಇ.ವಿ. (ಸಾವಿರ ಎಲೆಕ್ಟ್ರಾನ್ ವೋಲ್ಟ್). ಬೆರಿಲಿಯಂ ಬದಲು ಡ್ಯುಟೀರಿಯಂ ಇಟ್ಟರೆ 265. ಲ್ಯಾಂಥನಂ, ಗ್ಯಾಲಿಯಂ ಬಳಸಿ 770 ಮತ್ತು 140.

ಕೇಳಲು ಸುಲಭ. ಆದರೆ ಲಕ್ಷದಿಂದ ಹತ್ತು ಲಕ್ಷ ಗಾಮಾಗಳಿಗೆ ಒಂದು ನ್ಯೂಟ್ರಾನ್ ಹುಟ್ಟುತ್ತದೆ, ಉಳಿದ ಗಾಮಾಗಳ ಪ್ರಳಯದಲ್ಲೇ ಕೆಲಸ ನಡೆಯಬೇಕು. ಅದಕ್ಕೇ ವಿದಳನದ ತುಣುಕುಗಳನ್ನು ಹಿಡಿಯಲು ಪಾಲಿಯೆಸ್ಟರ್ ಹಾಳೆ: ಗಾಮಾ ಅದರಲ್ಲಿ ಗುರುತು ಬಿಡುವುದಿಲ್ಲ, ಭಾರದ ತುಣುಕು ಬಿಟ್ಟ ಗೀರು ರಾಸಾಯನಿಕದಲ್ಲಿ ಕೊರೆದಾಗ ಕಾಣುತ್ತದೆ. ಸೋಡಿಯಂ-24ರ ಅರ್ಧಾಯು 15 ಗಂಟೆ. ಒಂದು ದಿನ ಕಳೆದರೆ ಮೂರನೇ ಒಂದು ಭಾಗವಷ್ಟೇ ಉಳಿಯುವುದರಿಂದ ಅದನ್ನು ತಯಾರಿಸುವ ರಿಯಾಕ್ಟರ್ ಪಕ್ಕದಲ್ಲೇ ಇರಬೇಕು. ಇತ್ತು: ಕ್ಯಾಂಪಸ್ಸಿನ ಫೋರ್ಡ್ ನ್ಯೂಕ್ಲಿಯರ್ ರಿಯಾಕ್ಟರ್, 2 ಮೆಗಾವಾಟ್‌ನ ಈಜುಕೊಳ ಮಾದರಿಯದು. 2003ರಲ್ಲಿ ಅದನ್ನು ಮುಚ್ಚಿದರು.

ಆಕರದಿಂದ ಒಟ್ಟು ಎಷ್ಟು ನ್ಯೂಟ್ರಾನ್ ಹೊರಡುತ್ತದೆಂದು ತಿಳಿಯಲು ಅದನ್ನು ಮ್ಯಾಂಗನೀಸ್ ಸಲ್ಫೇಟ್ ದ್ರಾವಣದ ತೊಟ್ಟಿಯಲ್ಲಿ ಮುಳುಗಿಸಿ, ಮ್ಯಾಂಗನೀಸ್ ನ್ಯೂಟ್ರಾನ್ ನುಂಗಿದಾಗ ಹುಟ್ಟುವ ಮ್ಯಾಂಗನೀಸ್-56ರ ವಿಕಿರಣ ಎಣಿಸಬೇಕು. ಅದರ ಅರ್ಧಾಯು 2.58 ಗಂಟೆ. ಈ ತೊಟ್ಟಿಯ ಲೆಕ್ಕದಲ್ಲಿ ಸೋರಿಕೆಗಳು ಹಲವು: ಹೈಡ್ರೋಜನ್, ಗಂಧಕ ನುಂಗಿದವು, ತೊಟ್ಟಿಯಿಂದ ಹೊರಬಿದ್ದವು, ಆಕರವೇ ಮರಳಿ ಹೀರಿದವು. ಸೇರ್ಪಡೆಯೂ ಉಂಟು: ಮಾಮೂಲಿ ನೀರಿನ ಹೈಡ್ರೋಜನ್ನಿನಲ್ಲಿ 0.015% ಡ್ಯುಟೀರಿಯಂ ಇದೆ, ಸೋಡಿಯಂನ ಗಾಮಾ ಅದರಿಂದಲೂ ನ್ಯೂಟ್ರಾನ್ ಕೆಡವುತ್ತದೆ. ಇವೆಲ್ಲ ತಿದ್ದಿ ಅವರು ತಲುಪಿದ ಅನಿಶ್ಚಿತತೆ ಸುಮಾರು 2%. 964 ಕೆ.ಇ.ವಿ.ಯಲ್ಲಿ ಸಿಕ್ಕ ಬೆಲೆ 1.2 ಬಾರ್ನ್ (ಕ್ರಾಸ್ ಸೆಕ್ಷನ್ನಿನ ಮಾನ) ಆಸುಪಾಸು.

ಲೆಸ್ಲಿ ರಾಜರ್ಸ್ ಜೊತೆ ವೈದ್ಯಕೀಯ ಗಾಮಾ ಚಿತ್ರಣಕ್ಕೆ ಕೋಡೆಡ್ ಅಪರ್ಚರ್ (ಹಲವು ರಂಧ್ರಗಳ ಫಲಕದ ಮೂಲಕ ಚಿತ್ರ ಕಟ್ಟುವ) ತಂತ್ರವನ್ನೂ ಬೆಳೆಸಿದರು. ನನಗೆ ಮಾತ್ರ ತೊಟ್ಟಿಯ ಕೆಲಸವೇ ಅವರ ಗುಣಕ್ಕೆ ಹತ್ತಿರ.

1979ರ ಪುಸ್ತಕವನ್ನು 2010ರ ನಾಲ್ಕನೇ ಆವೃತ್ತಿಯವರೆಗೂ ತಿದ್ದುತ್ತಲೇ ಬಂದರು. ಅದರ ಕೊನೆಯ ಅಧ್ಯಾಯ ಹಿನ್ನೆಲೆ ವಿಕಿರಣದ ಬಗ್ಗೆ. ಕಿರಿಯರಿಗೆ ಒಂದು ಸಲಹೆ: ಗಾಮಾಗಳನ್ನು ಶಕ್ತಿಯ ಪ್ರಕಾರ ಎಣಿಸುವ ಸೋಡಿಯಂ ಅಯೊಡೈಡ್ ಡಿಟೆಕ್ಟರನ್ನು ಆಕರವಿಲ್ಲದೆ ಒಂದು ರಾತ್ರಿ ಓಡಲು ಬಿಡಿ. ಕಲ್ಲಿನ, ಕಾಂಕ್ರೀಟಿನ ಗೋಡೆಯ ಪೊಟ್ಯಾಸಿಯಂ-40 1,461 ಕೆ.ಇ.ವಿ.ಯಲ್ಲಿ, ಥೋರಿಯಂ ಸರಣಿಯ ಥ್ಯಾಲಿಯಂ-208 2,614ರಲ್ಲಿ ಎದ್ದು ಕಾಣುತ್ತವೆ. ಗ್ರಾನೈಟ್ ಕಟ್ಟಡವಾದರೆ ಇನ್ನೂ ಚೆನ್ನಾಗಿ. ಆ ಸ್ಪೆಕ್ಟ್ರಮ್ ಉಳಿಸಿಟ್ಟುಕೊಂಡು, ಸ್ಯಾಂಪಲ್ ಎಣಿಸಿದ ಪ್ರತಿ ಸಲವೂ ಅಷ್ಟೇ ಅವಧಿಗೆ ಇಳಿಸಿ ಕಳೆಯಿರಿ.